ಹಡಗು ಹತ್ತುವವರ ಕಾಗದಪತ್ರಗಳು

ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟುವವರನ್ನು ಇಂದು ಯಾರೂ ನಿಲ್ಲಿಸಿ, “ನೀವು ಯಾರು? ಎಲ್ಲಿಂದ ಬಂದಿರಿ? ಮೈಯಲ್ಲಿ ಸೌಖ್ಯವೆ?” ಎಂದು ವಿಚಾರಿಸುವುದಿಲ್ಲ. ಆದರೆ ಈ ಮೂರು ಪ್ರಶ್ನೆಗಳು ನಮ್ಮ ಸೀಮೆಗೆ ಹೊಸವೇನೂ ಅಲ್ಲ. 1956ರಲ್ಲಿ ಕನ್ನಡನಾಡು ಒಂದಾಗುವ ತನಕ ಹೊನ್ನಾಳಿ ತಾಲೂಕು ಮೈಸೂರಿನ ಅಂಚಿನಲ್ಲಿತ್ತು. ಆಚೆಗಿನ ರಾಣೆಬೆನ್ನೂರು ಮುಂಬಯಿ ಆಡಳಿತಕ್ಕೆ ಸೇರಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದವರ ಸಂಗಡ ಬೆಂಗಳೂರನ್ನು ಸೇರಿತು. ಆ ದಿನಗಳಲ್ಲಿ ರೈಲು ಪ್ರಯಾಣಿಕರನ್ನು ನಿಲ್ದಾಣದಲ್ಲಿ ಇಳಿಸಿ, ಜ್ವರವುಂಟೆ, ಕಂಕುಳಲ್ಲಿ ಗಡ್ಡೆಯುಂಟೆ ಎಂದು ತಪಾಸಣೆ ಮಾಡುತ್ತಿದ್ದರು. ಪ್ಲೇಗಿನ ಊರಿನಿಂದ ಬಂದವರ ಕೈಗೆ ಒಂದು ಪಾಸು ಕೊಟ್ಟು, ಇಂತಿಷ್ಟು ದಿನ ಹಾಜರಿ ಹಾಕಿಸುತ್ತಿದ್ದುದೂ ಉಂಟು.

ಆ ಪ್ರಶ್ನೆಗಳು ಈಗ ಊರ ಗಡಿಯನ್ನು ಬಿಟ್ಟು ಬಂದರುಕಟ್ಟೆಯಲ್ಲಿಯೂ ವಿಮಾನ ನಿಲ್ದಾಣದಲ್ಲಿಯೂ ಹೋಗಿ ಕುಳಿತಿವೆ. ಅವುಗಳ ಎದುರಿಗೆ ನಿಲ್ಲುವ ಸಂದರ್ಭ ನಮ್ಮಂಥ ಸಣ್ಣ ಊರಿನವರಿಗೂ ಬರುತ್ತಿದೆ. ಮಗಳು ಸಿಂಗಪುರದಲ್ಲಿದ್ದಾಳೆ, ಮಗ ಅಮೆರಿಕದಲ್ಲಿದ್ದಾನೆ. ಅಪ್ಪ ಅಮ್ಮನನ್ನು ಕರೆಸಿಕೊಂಡು ನಾಲ್ಕು ದಿನ ಹಡಗಿನಲ್ಲಿ ಸುತ್ತಾಡಿಸೋಣ ಎಂದು ಅವರಿಗೆ ಆಸೆ. ಮನೆಯಲ್ಲಿ ಸ್ವೆಟರಿನ ಚರ್ಚೆ ನಡೆಯುತ್ತದೆ, ಉಪ್ಪಿನಕಾಯಿಯ ಚರ್ಚೆ ನಡೆಯುತ್ತದೆ. ಕಾಗದಪತ್ರದ ಮಾತು ಬಂದಾಗ ಮಾತ್ರ “ಅದೆಲ್ಲ ಏಜೆಂಟರು ನೋಡಿಕೊಳ್ಳುತ್ತಾರೆ” ಎಂದು ಮುಗಿದುಹೋಗುತ್ತದೆ. ಏಜೆಂಟರು ಟಿಕೆಟ್ಟನ್ನು ನೋಡಿಕೊಳ್ಳಬಹುದು. ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕಾದವರು ನೀವೇ. ಆದ್ದರಿಂದ ಈ ವಿಷಯವನ್ನು ಕೊಂಚ ಸಾವಧಾನವಾಗಿ ನೋಡೋಣ.

ಕಡಲಯಾನಕ್ಕೆ ಮುಖ್ಯವಾಗಿ ಮೂರು ಕಾಗದ. ಮೊದಲನೆಯದು ರಹದಾರಿ, ಅಂದರೆ ಪಾಸ್‌ಪೋರ್ಟ್: ನೀವು ಯಾರೆಂಬುದಕ್ಕೆ ನಿಮ್ಮ ಸರ್ಕಾರ ಕೊಡುವ ರುಜುವಾತು. ಎರಡನೆಯದು ವೀಸಾ: ಒಳಗೆ ಬರಬಹುದೆಂದು ಆಚೆಯ ಸರ್ಕಾರ ಕೊಡುವ ಅಪ್ಪಣೆ. ಮೂರನೆಯದು ಆರೋಗ್ಯದ ಚೀಟಿ. ಮೊದಲೆರಡನ್ನು ಎಲ್ಲರೂ ನೆನಪಿಡುತ್ತಾರೆ. ಮೂರನೆಯದನ್ನು ಮರೆತು, ಪರದೇಶಕ್ಕೆ ಹೋಗುವಾಗ ಸಿಗದ ತೊಂದರೆಯನ್ನು ನಮ್ಮ ದೇಶಕ್ಕೆ ಮರಳುವಾಗ ತಂದುಕೊಳ್ಳುವವರು ಬಹಳ.

ಪಾಸ್‌ಪೋರ್ಟಿಗಾಗಿ ಹೊನ್ನಾಳಿಯವರು ಮೊದಲಿನಂತೆ ಬೆಂಗಳೂರಿಗೇ ಓಡಬೇಕಾಗಿಲ್ಲ. ದಾವಣಗೆರೆಯಲ್ಲಿಯೂ ಶಿವಮೊಗ್ಗದಲ್ಲಿಯೂ ಅಂಚೆ ಇಲಾಖೆಯ ಜೊತೆಗೂಡಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಆಗಿವೆ. ಆದರೆ ನಮ್ಮ ತಾಲೂಕಿನವರಿಗೆ ಒಂದು ವಿಶೇಷ ತೊಡಕುಂಟು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮುಂಚೆ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಆಮೇಲೆ ನ್ಯಾಮತಿ ಬೇರೆ ತಾಲೂಕೂ ಆಯಿತು. ಹೀಗಾಗಿ ಶಾಲೆಯ ವರ್ಗಾವಣೆ ಪತ್ರದಲ್ಲಿ ಒಂದು ಜಿಲ್ಲೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಜಿಲ್ಲೆ ಇರುವುದು ಸಾಮಾನ್ಯ. ಇದು ಅಪರಾಧವಲ್ಲ; ಆದರೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರಿನ ಹೆಸರು ಹೇಗೆ ಬಂದಿದೆಯೋ ವೀಸಾದ ಅರ್ಜಿಯಲ್ಲಿಯೂ ಅಕ್ಷರ ಬಿಡದೆ ಹಾಗೆಯೇ ಬರೆಯಬೇಕು.

ಹೆಸರಿನ ಪಾಡೂ ಅಷ್ಟೆ. ನಮ್ಮಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಹೆಸರು. ಮನೆತನದ ಹೆಸರೆಂದು ಬೇರೆ ಬರೆಯುವ ರೂಢಿ ಅನೇಕರಿಗಿಲ್ಲ. ಹೆಂಗಸರ ಪಾಸ್‌ಪೋರ್ಟಿನಲ್ಲಂತೂ ಬರೀ ‘ಗೌರಮ್ಮ’ ಎಂದೋ ‘ಫಾತಿಮಾ’ ಎಂದೋ ಇದ್ದು, ಉಪನಾಮದ ಜಾಗ ಖಾಲಿ ಇರುವುದುಂಟು. 2022ರ ನವೆಂಬರಿನಲ್ಲಿ ದುಬೈ, ಅಬುಧಾಬಿಗಳಿರುವ ಅರಬ್ ಒಕ್ಕೂಟವು ಹೀಗೆ ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಬರುವ ಪ್ರವಾಸಿಗಳನ್ನು ಒಳಕ್ಕೆ ಬಿಡುವುದಿಲ್ಲವೆಂದು ನಿಯಮ ಮಾಡಿತು. ಬಳಿಕ, ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆದೀತೆಂದು ಸಡಿಲಿಸಿತು. ದುಬೈ ದೊಡ್ಡ ಪ್ರವಾಸಿ ಹಡಗುಗಳ ಬಂದರು. ಆದ್ದರಿಂದ ಹೆಸರಿನ ಜಾಗ ಖಾಲಿ ಇದ್ದವರು ಟಿಕೆಟ್ಟು ಕೊಳ್ಳುವ ಮುಂಚೆಯೇ ಅದನ್ನು ಸರಿಪಡಿಸಿಕೊಳ್ಳುವುದು ವಿವೇಕ. ಪಾಸ್‌ಪೋರ್ಟಿನ ಅವಧಿಯೂ ಪ್ರವಾಸ ಮುಗಿಯುವ ದಿನದಿಂದ ಮುಂದಕ್ಕೆ ಆರು ತಿಂಗಳಾದರೂ ಉಳಿದಿರಬೇಕೆಂದು ಬಹಳ ದೇಶಗಳು ಕೇಳುತ್ತವೆ.

ಇನ್ನು ವೀಸಾ. ವಿಮಾನದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ ಒಂದೇ ದೇಶದ ಬಾಗಿಲು. ಹಡಗಿನವರಿಗೆ ಹಡಗು ಮುಟ್ಟುವ ಪ್ರತಿಯೊಂದು ಬಂದರೂ ಒಂದು ಬಾಗಿಲು. “ನಾನು ಇಳಿಯುವುದೇ ಇಲ್ಲ, ಹಡಗಿನಲ್ಲೇ ಕೂತಿರುತ್ತೇನೆ” ಎಂದರೂ ಕೆಲವು ದೇಶಗಳು ಬಿಡುವುದಿಲ್ಲ. ವೀಸಾ ಇಲ್ಲದವರನ್ನು ಹಡಗಿನ ಕಂಪೆನಿ ಮೊದಲ ಬಂದರಿನಲ್ಲೇ ಹತ್ತಿಸಿಕೊಳ್ಳದೆ ಇರಬಹುದು. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ನೀವು ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿ ಹಡಗು ಹತ್ತಿ, ಮಲೇಷ್ಯದ ಪೆನಾಂಗನ್ನು ನೋಡಿಕೊಂಡು ಮತ್ತೆ ಸಿಂಗಪುರಕ್ಕೇ ಬಂದಿರಿ ಎನ್ನಿ. ನಿಮ್ಮ ಲೆಕ್ಕದಲ್ಲಿ ಅದು ಒಂದು ಪ್ರವಾಸ. ಸಿಂಗಪುರದ ಲೆಕ್ಕದಲ್ಲಿ ನೀವು ಎರಡು ಸಲ ಒಳಬಂದಿರಿ. ಆದುದರಿಂದ ವೀಸಾದ ಮೇಲೆ ಎಷ್ಟು ಸಲದ ಪ್ರವೇಶ ಎಂದು ಬರೆದಿದೆ ನೋಡಿಕೊಳ್ಳಬೇಕು. ಸಿಂಗಪುರಕ್ಕೆ ಬರುವವರು, ತಲುಪುವ ಮುಂಚಿನ ಮೂರು ದಿನಗಳೊಳಗೆ, ಆರೋಗ್ಯದ ಪ್ರಶ್ನೆಗಳೂ ಇರುವ ಆಗಮನ ಚೀಟಿಯೊಂದನ್ನು ಅಂತರ್ಜಾಲದಲ್ಲಿ ತುಂಬಬೇಕು. ಸರ್ಕಾರದ ತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವವರ ಹತ್ತಿರ ಹೋಗಬೇಡಿ.

ಇದೇ ಲೆಕ್ಕ ನಮ್ಮ ದೇಶಕ್ಕೂ ಉಂಟು. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗ ಅಲ್ಲಿಯ ಪಾಸ್‌ಪೋರ್ಟಿನಲ್ಲಿ ರಜಕ್ಕೆಂದು ಹೊನ್ನಾಳಿಗೆ ಬಂದಿದ್ದಾನೆ. ಅಜ್ಜ ಅಜ್ಜಿಯ ಸಂಗಡ ಹಡಗಿನಲ್ಲಿ ಶ್ರೀಲಂಕೆಗೆ ಹೋಗಿಬರಲಿ ಎಂದು ಹೊರಡಿಸುತ್ತೀರಿ. ಮರಳುವಾಗ ಅಜ್ಜ ಅಜ್ಜಿಯರು ಸ್ವದೇಶಕ್ಕೆ ಬರುವವರು. ಮೊಮ್ಮಗ ಮಾತ್ರ ಭಾರತವನ್ನು ಹೊಸದಾಗಿ ಪ್ರವೇಶಿಸುವ ವಿದೇಶಿ. ಅವನ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಬಂದರಿನಲ್ಲಿ ಕಣ್ಣೀರು ಖಂಡಿತ. ತಂದೆತಾಯಿಯರು ಜೊತೆಗಿಲ್ಲದ ಮಗುವಿಗೆ ಅವರ ಒಪ್ಪಿಗೆ ಪತ್ರವೂ ಇರಬೇಕು.

ಈಗ ಮೂರನೆಯ ಕಾಗದಕ್ಕೆ ಬರೋಣ.

ಒಂದು ಕಾಲದಲ್ಲಿ ಸಿಡುಬು, ಕಾಲರಾ, ಪೀತಜ್ವರ, ಇವು ಮೂರಕ್ಕೂ ಚುಚ್ಚುಮದ್ದಿನ ಚೀಟಿ ಕೇಳುತ್ತಿದ್ದರು. ಕಾಲರಾದ ಚೀಟಿಯಿಂದ ರೋಗ ನಿಲ್ಲುವುದಿಲ್ಲವೆಂದು ಕಂಡು 1973ರಲ್ಲಿ ಅದನ್ನು ಅಂತರರಾಷ್ಟ್ರೀಯ ನಿಯಮದಿಂದ ತೆಗೆದರು. ಸಿಡುಬು ಲೋಕದಿಂದಲೇ ಹೋಯಿತೆಂದು 1980ರಲ್ಲಿ ಘೋಷಣೆಯಾದ ಮೇಲೆ ಅದರ ಚೀಟಿಯೂ ಹೋಯಿತು. ಉಳಿದದ್ದು ಪೀತಜ್ವರ. ಹಜ್ ಯಾತ್ರಿಕರಿಗೆ ಸೌದಿ ಅರೇಬಿಯ ಕೇಳುವ ಮೆದುಳುಪೊರೆ ಜ್ವರದ ಚುಚ್ಚುಮದ್ದಿನಂತೆ ಒಂದೊಂದು ದೇಶ ತನ್ನದೇ ನಿಯಮ ಇಟ್ಟುಕೊಂಡಿರುವುದುಂಟು. ಆದರೆ ಈಗಿನ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಹೆಸರಿಟ್ಟು ಹೇಳುವ ಚೀಟಿ ಪೀತಜ್ವರದ್ದು. ಹಳದಿ ಬಣ್ಣದ ಕಿರುಹೊತ್ತಿಗೆಯಾದ್ದರಿಂದ ಅದನ್ನು ಹಳದಿ ಚೀಟಿ ಎನ್ನುತ್ತಾರೆ.

ಈ ಚೀಟಿಯ ಸ್ವಭಾವವೇ ಬೇರೆ. ಪಾಸ್‌ಪೋರ್ಟ್ ನೀವು ಯಾರೆಂದು ನೋಡುತ್ತದೆ. ವೀಸಾ ನೀವು ಎಲ್ಲಿಗೆ ಹೋಗುತ್ತೀರೆಂದು ನೋಡುತ್ತದೆ. ಹಳದಿ ಚೀಟಿಗೆ ಬೇಕಾದುದು ನೀವು ಎಲ್ಲಿಂದ ಬರುತ್ತಿದ್ದೀರಿ ಎಂಬುದೊಂದೇ. ಪೀತಜ್ವರ ಆಫ್ರಿಕದ ಹಲವು ದೇಶಗಳಲ್ಲಿಯೂ ದಕ್ಷಿಣ ಅಮೆರಿಕದ ಕೆಲವು ದೇಶಗಳಲ್ಲಿಯೂ ಉಂಟು. ಭಾರತದಲ್ಲಿ ಇಲ್ಲ. ಆದುದರಿಂದ ನೇರವಾಗಿ ಇಲ್ಲಿಂದ ಹೋಗುವವರನ್ನು ಆಚೆಯವರು ಕೇಳದೆ ಇರಬಹುದು. ಆದರೆ ಕೀನ್ಯ, ಸುಡಾನ್, ಬ್ರೆಜಿಲ್‌ಗಳಂಥ ಕಡೆಯಿಂದ ಮರಳುವವರನ್ನು ನಮ್ಮವರು ಕೇಳಿಯೇ ಕೇಳುತ್ತಾರೆ. ಈ ವಿಷಯದಲ್ಲಿ ಭಾರತದ ನಿಯಮ ಜಗತ್ತಿನ ಬಿಗಿಯಾದ ನಿಯಮಗಳಲ್ಲಿ ಒಂದು.

ಇಷ್ಟು ಬಿಗಿ ಏಕೆ? ಉತ್ತರ ನಿಮ್ಮ ಹಿತ್ತಲಿನಲ್ಲಿಯೇ ಇದೆ. ಪೀತಜ್ವರವನ್ನು ಸೊಳ್ಳೆ ಹರಡುತ್ತದೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಹೇಳಿದ. 1900ರಲ್ಲಿ ವಾಲ್ಟರ್ ರೀಡ್ ಮತ್ತು ಸಂಗಡಿಗರು ಅದನ್ನು ಸಾಧಿಸಿ ತೋರಿಸಿದರು. ಆ ಸೊಳ್ಳೆ ಈಡಿಸ್. ಹಗಲು ಹೊತ್ತು ಕಚ್ಚುವ, ಕಾಲಿಗೆ ಬಿಳಿ ಪಟ್ಟೆಯಿರುವ, ಬಾನಿಯ ಮತ್ತು ತೊಟ್ಟಿಯ ನೀರಿನಲ್ಲಿ ಮೊಟ್ಟೆಯಿಡುವ, ನಮ್ಮಲ್ಲಿ ಡೆಂಗೆ ಜ್ವರ ಹಂಚುವ ಅದೇ ಸೊಳ್ಳೆ. ಸೊಳ್ಳೆ ಇಲ್ಲಿದೆ, ಕೋತಿಗಳಿವೆ, ಲಸಿಕೆ ಹಾಕಿಸಿಕೊಳ್ಳದ ಕೋಟಿಗಟ್ಟಲೆ ಜನ ಇದ್ದಾರೆ. ಇಲ್ಲದಿರುವುದು ರೋಗದ ವಿಷಾಣು ಒಂದೇ. ಅದನ್ನು ರಕ್ತದಲ್ಲಿ ಹೊತ್ತು ತಂದವರೊಬ್ಬರು ಸಾಕು.

ಈ ಭಯ ಕೇವಲ ಪುಸ್ತಕದ್ದಲ್ಲವೆಂದು ಹಳೆಯ ಶಿವಮೊಗ್ಗ ಜಿಲ್ಲೆಯವರಾದ ನಾವು ಬಲ್ಲೆವು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳ ಜನ ಜ್ವರದಲ್ಲಿ ಮಲಗಿದರು, ಕೆಲವರು ತೀರಿಕೊಂಡರು. ಕೋತಿಯೂ ಮನುಷ್ಯನೂ ಜೊತೆಯಾಗಿ ಸಾಯುವ ರೋಗವೆಂದರೆ ವಿಜ್ಞಾನಿಗಳಿಗೆ ಮೊದಲು ನೆನಪಾದದ್ದು ಪೀತಜ್ವರ. ಕಡೆಗೂ ಅದು ಭಾರತಕ್ಕೆ ಬಂತೇ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಧಾವಿಸಿ ಬಂದರು. ಪರೀಕ್ಷೆ ಮಾಡಿದಾಗ ಅದು ಉಣ್ಣೆಯಿಂದ ಹರಡುವ ಬೇರೆಯೇ ಹೊಸ ವಿಷಾಣುವೆಂದು ತಿಳಿಯಿತು. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಪೀತಜ್ವರ ಬರಲಿಲ್ಲ, ನಿಜ. ಆದರೆ ಬಂದರೆ ಹೇಗಿದ್ದೀತೆಂಬ ಅಂದಾಜು ಮಲೆನಾಡಿಗೆ ಅಂದೇ ಸಿಕ್ಕಿತು.

ಈಗ ನಿಯಮವನ್ನು ನೋಡಿ. ಪೀತಜ್ವರದ ಸೀಮೆಯನ್ನು ಬಿಟ್ಟು ಆರು ದಿನಗಳೊಳಗೆ ಭಾರತಕ್ಕೆ ಬಂದವರ ಬಳಿ ಸರಿಯಾದ ಚೀಟಿ ಇಲ್ಲದಿದ್ದರೆ, ಒಂಬತ್ತು ತಿಂಗಳೊಳಗಿನ ಶಿಶುಗಳ ಹೊರತು ಉಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ವಿಮಾನ ಬದಲಿಸಲು ಅಡಿಸ್ ಅಬಾಬಾದಂಥ ನಿಲ್ದಾಣದಲ್ಲಿ ಇಳಿದು, ಹೊರಗೆ ಕಾಲಿಡದೆ ಬಂದವರಿಗೆ, ಆರೋಗ್ಯಾಧಿಕಾರಿ ಒಪ್ಪಿದರೆ ವಿನಾಯಿತಿಯುಂಟು. ಹಡಗಿನವರಿಗೆ ನಿಯಮ ಇನ್ನೂ ಬಿಗಿ. ಹಿಂದಿನ 30 ದಿನಗಳಲ್ಲಿ ಪೀತಜ್ವರದ ಸೀಮೆಯ ಬಂದರನ್ನು ಮುಟ್ಟಿದ ಹಡಗಾಗಿದ್ದು, ಕ್ರಮಪ್ರಕಾರ ಸೊಳ್ಳೆ ಕೊಲ್ಲುವ ಮದ್ದು ಹೊಡೆಸಿರದಿದ್ದರೆ, ಅದರಲ್ಲಿ ಬಂದವರಿಗೂ ಚೀಟಿ ಬೇಕು. ಅಂದರೆ ಮೊಂಬಾಸಾದಲ್ಲಿ ನೀವು ಇಳಿಯದೆ ಇದ್ದರೂ, ಅಲ್ಲಿಂದ ಬಂದ ಹಡಗನ್ನು ಮುಂದಿನ ಬಂದರಿನಲ್ಲಿ ಹತ್ತಿದ್ದರೂ ಪ್ರಶ್ನೆ ನಿಮ್ಮನ್ನು ಮುಟ್ಟಬಹುದು. ಇದರಲ್ಲಿ ಅರ್ಥವಿದೆ. ಹಿಂದೆ ಹಾಯಿಹಡಗುಗಳ ನೀರಿನ ಪೀಪಾಯಿಗಳಲ್ಲಿ ಈ ಸೊಳ್ಳೆ ಮರಿಮಾಡಿಕೊಂಡು ಸಾಗರಗಳನ್ನು ದಾಟಿತು. ಪೀತಜ್ವರ ಮೊದಲು ಲೋಕ ಸುತ್ತಿದ್ದೇ ಹಡಗಿನಲ್ಲಿ.

ಚುಚ್ಚುಮದ್ದನ್ನು ಎಲ್ಲ ಆಸ್ಪತ್ರೆಗಳಲ್ಲಿ ಕೊಡುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ. ಒಂದು ಶೀಶೆಯಲ್ಲಿ ಹಲವರಿಗೆ ಆಗುವಷ್ಟು ಮದ್ದಿರುತ್ತದೆ. ತೆರೆದ ಮೇಲೆ ಕೆಲವು ಗಂಟೆಗಳಲ್ಲಿ ಮುಗಿಸಬೇಕು. ಹೀಗಾಗಿ ಗೊತ್ತಾದ ದಿನ, ಮೊದಲೇ ಹೆಸರು ಬರೆಸಿದವರಿಗೆ ಕೊಡುವುದು ವಾಡಿಕೆ. ಹೊನ್ನಾಳಿಯವರು ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ವಿಚಾರಿಸಿಕೊಳ್ಳಬೇಕು, ಪಾಸ್‌ಪೋರ್ಟನ್ನೂ ಕೊಂಡೊಯ್ಯಬೇಕು. ಚೀಟಿಯಲ್ಲಿ ಹೆಸರು, ಪಾಸ್‌ಪೋರ್ಟಿನ ಸಂಖ್ಯೆ, ಕೇಂದ್ರದ ಮೊಹರು, ವೈದ್ಯರ ರುಜು ಮತ್ತು ನಿಮ್ಮ ರುಜು ಸರಿಯಾಗಿವೆಯೆ ಎಂದು ಅಲ್ಲಿಯೇ ನೋಡಿಕೊಳ್ಳಿ.

ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ ಚೀಟಿಗೆ ಜೀವ ಬರುತ್ತದೆ. ಮಾರ್ಚ್ 1ರಂದು ಚುಚ್ಚಿಸಿಕೊಂಡವರ ಚೀಟಿ ನಡೆಯುವುದು ಮಾರ್ಚ್ 11ರಿಂದ. ಅವರು ಅವಸರದಲ್ಲಿ ಕೀನ್ಯಕ್ಕೆ ಹೋಗಿ 8ರಂದು ಅಲ್ಲಿಂದ ಹೊರಟು 9ರಂದು ಮುಂಬಯಿಗೆ ಬಂದಿಳಿದರೆ, ಚುಚ್ಚುಮದ್ದು ಹಾಕಿಸಿಕೊಂಡವರೇ ಆದರೂ 11ರ ತನಕ ಕಾಯಬೇಕಾದೀತು. ಒಂದು ಸಮಾಧಾನವೆಂದರೆ, ಮೊದಲು ಹತ್ತು ವರ್ಷ ಮಾತ್ರ ನಡೆಯುತ್ತಿದ್ದ ಈ ಚೀಟಿ 2016ರ ಜುಲೈ 11ರಿಂದ ಜೀವಾವಧಿ ನಡೆಯುತ್ತದೆ. ಹಳೆಯ ಚೀಟಿಗಳಿಗೂ ಈ ಸೌಲಭ್ಯ ಉಂಟು. ಆದರೆ ಇದು ಜೀವಂತ ವಿಷಾಣುವನ್ನು ಪಳಗಿಸಿ ಮಾಡಿದ ಲಸಿಕೆ. 60 ವರ್ಷ ಮೀರಿದವರು, ಗರ್ಭಿಣಿಯರು, ಕೋಳಿಮೊಟ್ಟೆ ಒಗ್ಗದವರು, ರೋಗನಿರೋಧ ಶಕ್ತಿಯನ್ನು ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕಾಣಲೇಬೇಕು. ಲಸಿಕೆ ಕೂಡದೆಂದಾದರೆ ವೈದ್ಯರು ಕಾರಣ ಬರೆದುಕೊಡುತ್ತಾರೆ; ಅದನ್ನು ಬಂದರಿನ ಅಧಿಕಾರಿ ಗಮನಿಸುತ್ತಾರೆ. ಆದರೂ ಅಂಥವರಿಗೆ ಪೀತಜ್ವರದ ಸೀಮೆಗೆ ಹೋಗದ ಬೇರೆ ಹಡಗನ್ನು ಆರಿಸುವುದೇ ಲೇಸು.

ನಮ್ಮ ಜಿಲ್ಲೆಯಲ್ಲಿ ಈ ಹಳದಿ ಚೀಟಿಯ ಬೆಲೆಯನ್ನು ಅನುಭವದಿಂದ ಬಲ್ಲವರು ಯಾರೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ನೆರೆಯ ಚನ್ನಗಿರಿ ತಾಲೂಕಿನ ಅಸ್ತಾಪನಹಳ್ಳಿ, ಗೋಪನಾಳುಗಳಲ್ಲಿರುವ ಹಕ್ಕಿಪಿಕ್ಕಿ ಜನ. ಹಕ್ಕಿ ಹಿಡಿಯುವುದು ಅವರ ಹಿಂದಿನ ಕಸುಬು. 1972ರ ವನ್ಯಜೀವಿ ಕಾಯಿದೆಯ ತರುವಾಯ ಅದು ನಿಂತುಹೋಗಿ, ಗಿಡಮೂಲಿಕೆಯ ತಲೆಯೆಣ್ಣೆ ಮಾರುತ್ತ ಆಫ್ರಿಕದ ಊರುಗಳವರೆಗೂ ಹೋದರು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾಳಗ ಹತ್ತಿಕೊಂಡಾಗ ಕರ್ನಾಟಕದ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್ ಬಂದರಿಗೆ ಕರೆತಂದು, ಅಲ್ಲಿಂದ ನೌಕಾಪಡೆಯ ಹಡಗುಗಳಲ್ಲಿಯೂ ವಾಯುಪಡೆಯ ವಿಮಾನಗಳಲ್ಲಿಯೂ ಕೆಂಪು ಸಮುದ್ರ ದಾಟಿಸಿ ಜೆಡ್ಡಾಕ್ಕೆ ತಂದು, ಊರಿಗೆ ಕಳುಹಿಸಿತು. ಗುಂಡಿನ ಸದ್ದಿನಿಂದ ಪಾರಾಗಿ ಬೆಂಗಳೂರಿನಲ್ಲಿ ಇಳಿದವರನ್ನೂ ಮೊದಲು ಕೇಳಿದ್ದು ಹಳದಿ ಚೀಟಿ. ಅದಿಲ್ಲದ ಕೆಲವರನ್ನು ಮನೆಗೆ ಬಿಡದೆ ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿ ಇರಿಸಬೇಕಾಯಿತು.

ಇದು ಕಠೋರವೆಂದು ತೋರಬಹುದು. ಆದರೆ ಯೋಚಿಸಿ: ಅವರನ್ನು ಕಾದದ್ದು ಯಾರಿಗಾಗಿ? ಅವರ ಮನೆಯ ಮಕ್ಕಳಿಗಾಗಿ, ಅವರ ಊರಿನ ನೀರಿನ ತೊಟ್ಟಿಯ ಸುತ್ತ ಹಾರುವ ಸೊಳ್ಳೆಗೆ ವಿಷಾಣು ಸಿಗದಿರಲೆಂದು.

ಹಡಗಿಗೂ ತನ್ನದೊಂದು ಆರೋಗ್ಯಪತ್ರ ಉಂಟೆಂಬುದನ್ನು ಇಲ್ಲಿ ಹೇಳಬೇಕು. ಹೊರದೇಶದಿಂದ ಬರುವ ಹಡಗು ಹಳದಿ ಬಾವುಟ ಏರಿಸಿದರೆ, “ನನ್ನಲ್ಲಿ ಎಲ್ಲರೂ ಆರೋಗ್ಯದಿಂದಿದ್ದಾರೆ, ಬಂದರಿನೊಳಗೆ ಬರಲು ಅಪ್ಪಣೆ ಕೊಡಿ” ಎಂದು ಅರ್ಥ. ಯಾರಾದರೂ ಸತ್ತರೆ, ಎಷ್ಟು ಮಂದಿಗೆ ಕಾಯಿಲೆ, ಅಂಟುರೋಗದ ಶಂಕೆಯುಂಟೆ ಎಂಬುದನ್ನು ಹಡಗಿನ ಕಪ್ತಾನ ಬರೆದು ರುಜು ಹಾಕಿ ಕೊಡಬೇಕು. ಅದನ್ನು ನೋಡಿದ ಮೇಲೆ ಬಂದರಿನ ಆರೋಗ್ಯಾಧಿಕಾರಿಯ ಅನುಮತಿ. ಈ ಪದ್ಧತಿಯ ಬೇರು ಬಹಳ ಹಳೆಯದು. 1377ರಲ್ಲಿ ಆಡ್ರಿಯಾಟಿಕ್ ಕಡಲ ದಂಡೆಯ ರಗೂಸಾ ನಗರದವರು ಪ್ಲೇಗಿನ ಸೀಮೆಯಿಂದ ಬಂದವರು 30 ದಿನ ಹೊರಗೆ ಕಾಯಬೇಕೆಂದು ಕಟ್ಟು ಮಾಡಿದರು. ಮುಂದೆ ಅದು 40 ದಿನವಾಯಿತು. ‘ಕ್ವಾರಂಟೈನ್’ ಎಂಬ ಮಾತು ಹುಟ್ಟಿದ್ದು ಆ ನಲವತ್ತರಿಂದ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ಪ್ರವಾಸಿ ಹಡಗು ಕೊರೋನಾ ರೋಗದಿಂದಾಗಿ ತಡೆಹಿಡಿಯಲ್ಪಟ್ಟಾಗ ಅದರಲ್ಲಿದ್ದ 3,711 ಮಂದಿಯಲ್ಲಿ 138 ಜನ ಭಾರತೀಯರು. ಅವರಲ್ಲಿ ಬಹುಪಾಲು ಅಲ್ಲಿ ದುಡಿಯುತ್ತಿದ್ದವರು. ವಿಹಾರದ ಹಡಗು ಒಂದೇ ರಾತ್ರಿಯಲ್ಲಿ ಕಾವಲಿನ ಮನೆಯಾದೀತೆಂದು ಲೋಕಕ್ಕೆಲ್ಲ ಗೊತ್ತಾಯಿತು.

ಆದುದರಿಂದ ಹಡಗಿನಲ್ಲಿ ವಾಂತಿ, ಭೇದಿ, ಜ್ವರ ಕಾಣಿಸಿಕೊಂಡರೆ, ಸುತ್ತಾಟ ತಪ್ಪೀತೆಂದು ಮುಚ್ಚಿಡಬೇಡಿ. ನೀವು ಮುಚ್ಚಿಟ್ಟದ್ದು ಎರಡು ದಿನದಲ್ಲಿ ಊಟದ ಸಾಲಿನಲ್ಲಿ ನಿಂತವರ ಹೊಟ್ಟೆಯಲ್ಲಿ ಪ್ರಕಟವಾಗುತ್ತದೆ.

ಕೊನೆಗೆ, ಹೊರಡುವ ಮನೆಯವರು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಬೇಕಾದ್ದು ಇಷ್ಟು. ಮೊದಲು, ಹಡಗು ಮುಟ್ಟುವ ಬಂದರುಗಳ ಪಟ್ಟಿಯನ್ನು ಬರೆಸಿಕೊಳ್ಳಿ. ಹತ್ತುವ ಬಂದರು ಮತ್ತು ಮರಳುವ ಬಂದರುಗಳನ್ನೂ ಸೇರಿಸಿ. ನಾಲ್ಕು ತಿಂಗಳು ಮುಂಚೆ ಪಾಸ್‌ಪೋರ್ಟಿನ ಅವಧಿ, ಹೆಸರು ನೋಡಿ. ಎರಡು ತಿಂಗಳು ಮುಂಚೆ ಪ್ರತಿ ಬಂದರಿನ ವೀಸಾ ವಿಚಾರಿಸಿ. ನಿಯಮಗಳು ಬದಲಾಗುತ್ತಲೇ ಇರುತ್ತವೆಯಾದ್ದರಿಂದ ಆಯಾ ದೇಶದ ಸರ್ಕಾರದ ತಾಣವನ್ನೇ ನಂಬಿ, ಕಳೆದ ವರ್ಷ ಹೋಗಿಬಂದ ಬೀಗರ ಮಾತನ್ನಲ್ಲ. ಒಂದು ತಿಂಗಳು ಮುಂಚೆ, ಪಟ್ಟಿಯಲ್ಲಿ ಪೀತಜ್ವರದ ಸೀಮೆಯಿದ್ದರೆ, ಚುಚ್ಚುಮದ್ದು ಮುಗಿಸಿ. ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅಂಗಡಿಯ ಪೊಟ್ಟಣದಲ್ಲಿಯೇ ಇಟ್ಟು, ವೈದ್ಯರ ಚೀಟಿಯನ್ನು ಜೊತೆಗಿರಿಸಿ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಕಚೇರಿಯವರೇ ತೆಗೆದಿಟ್ಟುಕೊಳ್ಳುತ್ತಾರೆ. ಆದ್ದರಿಂದ ಎಲ್ಲ ಕಾಗದಗಳ ಎರಡು ನಕಲು ಮಾಡಿಸಿ, ಒಂದನ್ನು ಕೈಚೀಲದಲ್ಲಿಡಿ, ಇನ್ನೊಂದನ್ನು ಮನೆಯಲ್ಲಿ ಉಳಿಯುವವರಿಗೆ ಕೊಡಿ. ಮೂಲಪತ್ರಗಳು ಮಾತ್ರ ಪೆಟ್ಟಿಗೆಯಲ್ಲಿ ಬೇಡ. ಹಡಗು ಹತ್ತುವಾಗ ಪೆಟ್ಟಿಗೆ ನಿಮ್ಮ ಕೈಬಿಟ್ಟು ಬೇರೆ ದಾರಿಯಲ್ಲಿ ಹೋಗುತ್ತದೆ.

ಇಷ್ಟನ್ನು ಮಾಡಿದವರು ನಿಶ್ಚಿಂತೆಯಿಂದ ಕಡಲನ್ನು ನೋಡಬಹುದು. ಮರಳಿ ಬಂದಾಗ ಮುಂಬಯಿಯಲ್ಲೋ ಹೊಸ ಮಂಗಳೂರಿನಲ್ಲೋ ಅಧಿಕಾರಿಯೊಬ್ಬರು “ಎಲ್ಲಿಂದ ಬಂದಿರಿ?” ಎಂದು ಕೇಳಿದರೆ ಬೇಸರಪಡಬೇಡಿ. ಹೊನ್ನಾಳಿಯ ಹಿತ್ತಲಿನ ಬಾನಿಗೆ ಅಲ್ಲಿಯೇ ಒಂದು ಕಾವಲಿದೆ ಎಂದು ತಿಳಿದು, ಚೀಟಿಯನ್ನು ತೆಗೆದುಕೊಡಿ.